ಮನೆಯಲ್ಲಿ ಕಟ್ಟಿದ ಸೈಕಲ್ ಮೋಟಾರಿನ ಶಕ್ತಿಯನ್ನು ಅಳೆದು ನೋಡುವ ಬಗೆ

ಕೈಯಾರೆ ಸುರುಳಿ ಸುತ್ತಿ ಕಟ್ಟಿದ ಸೈಕಲ್ ಮೋಟಾರು 1,500 ವ್ಯಾಟ್ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ, ಆ ಅಂಕಿಯನ್ನು ಎಲ್ಲಿ ಅಳೆದರು ಎಂದು ಮೊದಲು ಕೇಳಬೇಕು: ಬ್ಯಾಟರಿಯ ತಂತಿಯಲ್ಲೋ, ಮೋಟಾರಿನ ತಂತಿಯಲ್ಲೋ, ಚಕ್ರದಲ್ಲೋ? 48 ವೋಲ್ಟಿನ ಬ್ಯಾಟರಿಯಿಂದ ಕಂಟ್ರೋಲರ್ (ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಪೆಟ್ಟಿಗೆ) 20 ಆಂಪಿಯರ್‌ಗಿಂತ ಹೆಚ್ಚು ಎಳೆಯದಿದ್ದರೆ ಒಳಗೆ ಹೋಗುವುದೇ 960 ವ್ಯಾಟ್. 13 ಸೆಲ್‌ಗಳ ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ 54.6 ವೋಲ್ಟ್ ತೋರಿಸುವಾಗಲೂ ಈ ಲೆಕ್ಕ 1,092 ವ್ಯಾಟ್ ದಾಟುವುದಿಲ್ಲ.

ಇಂಥ ಅಂಕಿಗಳ ಹಿಂದೆ ಮೋಸದ ಉದ್ದೇಶ ಇರಲೇಬೇಕೆಂದಿಲ್ಲ. ವೇಗ ಕಡಿಮೆ ಇರುವಾಗ ಕಂಟ್ರೋಲರ್ ವೋಲ್ಟೇಜನ್ನು ಇಳಿಸಿ ಆಂಪಿಯರನ್ನು ಏರಿಸುವುದರಿಂದ, ಬ್ಯಾಟರಿಯಿಂದ 10 ಆಂಪಿಯರ್ ಹೊರಟಾಗ ಕಂಟ್ರೋಲರಿನಿಂದ ಮೋಟಾರಿಗೆ ಹೋಗುವ ಫೇಸ್ ತಂತಿಯಲ್ಲಿ 30 ಆಂಪಿಯರ್ ಹರಿಯುತ್ತಿರಬಹುದು. ಆ 30ನ್ನು ಬ್ಯಾಟರಿಯ 48ರಿಂದ ಗುಣಿಸಿದವರಿಗೆ 1,440 ವ್ಯಾಟ್ ಸಿಗುತ್ತದೆ, ಆದರೆ ನಿಜಕ್ಕೂ ಖರ್ಚಾಗುತ್ತಿರುವುದು 480 ವ್ಯಾಟ್ ಮಾತ್ರ. ನಿಂತ ಚಕ್ರದ ಗರಿಷ್ಠ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಭಾರವಿಲ್ಲದೆ ತಿರುಗುವ ಚಕ್ರದ ಗರಿಷ್ಠ ವೇಗದಿಂದ ಗುಣಿಸುವುದೂ ಇದೇ ಬಗೆಯ ತಪ್ಪು, ಏಕೆಂದರೆ ಅವೆರಡೂ ಒಂದೇ ಕ್ಷಣದಲ್ಲಿ ಇರುವುದಿಲ್ಲ.

ಚಕ್ರದಲ್ಲಿ ಸಿಗುವ ಶಕ್ತಿಯನ್ನು ಅಳೆಯಲು ಹಗ್ಗದ ಪರೀಕ್ಷೆಯಷ್ಟು ಸರಳವಾದ, ನಂಬಬಹುದಾದ ವಿಧಾನವನ್ನು ನಾನು ಕಂಡಿಲ್ಲ. ಸೈಕಲನ್ನು ಅಲುಗಾಡದ ಸ್ಟ್ಯಾಂಡಿಗೆ ಬಿಗಿದು, ಟೈರು ಮತ್ತು ಟ್ಯೂಬನ್ನು ತೆಗೆದು, ರಿಮ್ಮಿನ ತೋಡಿನಲ್ಲಿ ಹತ್ತಿಯ ಹಗ್ಗವನ್ನು ಅರ್ಧ ಸುತ್ತು ಹಾಯಿಸಿ, ಅದರ ಎರಡು ತುದಿಗಳನ್ನೂ ಒಂದೊಂದು ಸ್ಪ್ರಿಂಗ್ ತಕ್ಕಡಿಗೆ ಕಟ್ಟಬೇಕು. ಚಕ್ರ ತಿರುಗುವಾಗ ಹಗ್ಗವನ್ನು ಬಿಗಿಸುತ್ತಾ ಹೋಗಿ, ಮುಳ್ಳು ನೆಲೆಗೊಂಡ ಮೇಲೆ ಓದಿಕೊಳ್ಳಬೇಕು. ಒಂದು ತಕ್ಕಡಿ 8 ಕೆಜಿ, ಇನ್ನೊಂದು 2 ಕೆಜಿ ತೋರಿಸಿದರೆ ವ್ಯತ್ಯಾಸ 6 ಕೆಜಿ, ಅಂದರೆ ಸುಮಾರು 59 ನ್ಯೂಟನ್. ಹಗ್ಗ ಕೂತ ಜಾಗದ ತ್ರಿಜ್ಯ 28 ಸೆಂಟಿಮೀಟರ್ ಇದ್ದರೆ ಟಾರ್ಕ್ 16.5 ನ್ಯೂಟನ್ ಮೀಟರ್. ಇದನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿಯಿಂದ) ಗುಣಿಸಿ 9.55ರಿಂದ ಭಾಗಿಸಬೇಕು, 300 ಆರ್‌ಪಿಎಂನಲ್ಲಿ ಸುಮಾರು 518 ವ್ಯಾಟ್ ಬರುತ್ತದೆ. ಅದೇ ಕ್ಷಣದಲ್ಲಿ ಬ್ಯಾಟರಿಯ ತಂತಿಯಲ್ಲಿ 47 ವೋಲ್ಟ್, 13.5 ಆಂಪಿಯರ್ ಕಂಡರೆ ಒಳಗೆ ಹೋಗುತ್ತಿರುವುದು ಸುಮಾರು 635 ವ್ಯಾಟ್, ಅಂದರೆ ಒಟ್ಟು ದಕ್ಷತೆ ಶೇಕಡಾ 82. ಒಳ್ಳೆಯ ಮೋಟಾರಿಗೆ ಇದು ನಂಬಬಹುದಾದ ಅಂಕಿ. ಶೇಕಡಾ 100 ದಾಟಿದರೆ ಅಳತೆಯಲ್ಲೇ ದೋಷವಿದೆ ಎಂದರ್ಥ, ಮೊದಲು ಕ್ಲ್ಯಾಂಪ್ ಮೀಟರನ್ನು (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರು) ನೋಡಿ. ಅಗ್ಗದ ಹಲವು ಮೀಟರುಗಳು ಬ್ಯಾಟರಿಯಿಂದ ಬರುವಂಥ ಡಿಸಿ ಕರೆಂಟನ್ನು ಅಳೆಯುವುದೇ ಇಲ್ಲ.

ಅಷ್ಟೂ ಶಕ್ತಿ ಹಗ್ಗದಲ್ಲಿ ಮತ್ತು ರಿಮ್ಮಿನಲ್ಲಿ ಶಾಖವಾಗುವುದರಿಂದ ಪ್ರತಿ ಅಳತೆಯನ್ನು ಹತ್ತು ಸೆಕೆಂಡಿನೊಳಗೆ ಮುಗಿಸಬೇಕು. ಸಡಿಲ ತೋಳಿನ ಬಟ್ಟೆ ಬೇಡ, ಹಗ್ಗದ ತುದಿಯನ್ನು ಬೆರಳಿಗಂತೂ ಸುತ್ತಿಕೊಳ್ಳಲೇಬಾರದು.

ಹತ್ತು ಸೆಕೆಂಡಿನಲ್ಲಿ ಸಿಕ್ಕ ಶಕ್ತಿ ಅರ್ಧ ಗಂಟೆ ಉಳಿಯುತ್ತದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ತಾಮ್ರದ ಸುರುಳಿ 20 ಡಿಗ್ರಿಯಿಂದ 100 ಡಿಗ್ರಿಗೆ ಏರಿದರೆ ಅದರ ರೋಧ ಸುಮಾರು ಶೇಕಡಾ 31ರಷ್ಟು ಹೆಚ್ಚುತ್ತದೆ, ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತಗಳು 80 ಡಿಗ್ರಿ ದಾಟಿದ ಮೇಲೆ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು. ಹೊರಮೈಯನ್ನು ಮುಟ್ಟಿ ನೋಡಿದರೆ ಒಳಗಿನ ಬಿಸಿ ತಿಳಿಯದು. ಮೋಟಾರನ್ನು ಕಟ್ಟುವಾಗಲೇ ಸುರುಳಿಯ ನಡುವೆ ತಾಪಮಾನದ ಸೆನ್ಸರನ್ನು ಹುದುಗಿಸಿಟ್ಟು, ಒಂದೇ ಭಾರದಲ್ಲಿ ಓಡಿಸುತ್ತಾ ಐದೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳಬೇಕು. ತಾಪ ಏರುವುದು ನಿಂತು ಸುರಕ್ಷಿತ ಮಟ್ಟದಲ್ಲಿ ನೆಲೆಗೊಳ್ಳುವ ಭಾರವೇ ಆ ಮೋಟಾರು ನಿರಂತರವಾಗಿ ಕೊಡಬಲ್ಲ ಶಕ್ತಿ.