ಗೋಡಂಬಿ ಮರ: ಫಸಲಿನ ಹೊರೆ, ನೆರಳು ಮತ್ತು ಸವರುವ ಕ್ರಮ

ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಗೋಡಂಬಿ ನೆಟ್ಟವರು ಕೊಡಲಿ ಹಿಡಿಯುವ ಮುನ್ನ ಮರದ ಸಕ್ಕರೆಯ ಜಮಾಖರ್ಚನ್ನು ತಿಳಿದುಕೊಳ್ಳಬೇಕು. (ಕಲಬುರಗಿ, ಯಾದಗಿರಿಗಳ ನೀರು ನಿಲ್ಲುವ ಎರೆಭೂಮಿ ಈ ಬೆಳೆಗೆ ಒಗ್ಗುವುದಿಲ್ಲ.) ಗೋಡಂಬಿ ತಿರುಳಿನ ತೂಕದಲ್ಲಿ ಅರ್ಧಕ್ಕೆ ಸಮೀಪದಷ್ಟು ಎಣ್ಣೆಯಂಶವಿದೆ. ಒಂದು ಗ್ರಾಂ ಪಿಷ್ಟ ಕಟ್ಟಲು ಸಸ್ಯಕ್ಕೆ ಸುಮಾರು 1.2 ಗ್ರಾಂ ಸಕ್ಕರೆ ಸಾಕಾದರೆ, ಒಂದು ಗ್ರಾಂ ಎಣ್ಣೆಗೆ ಸುಮಾರು 3 ಗ್ರಾಂ ಬೇಕಾಗುತ್ತದೆ. ಆದ್ದರಿಂದ ಕಾಯಿ ತುಂಬುವ ಕಾಲದಲ್ಲಿ ಮರವು ಎಲೆಗಳ ಅಂದಂದಿನ ದುಡಿಮೆಯ ಜೊತೆಗೆ ರೆಂಬೆ, ಬೇರುಗಳಲ್ಲಿ ಕೂಡಿಟ್ಟ ಪಿಷ್ಟವನ್ನೂ ಕರಗಿಸುತ್ತದೆ. ಹೊರೆ ಅತಿಯಾದ ವರ್ಷದ ನಂತರ ಚಿಗುರು ಬಡವಾಗುವುದಕ್ಕೆ ಇದೂ ಒಂದು ಕಾರಣ.

ನೆರಳಿನಲ್ಲಿರುವ ಎಲೆ ತೆಳುವಾಗಿದ್ದು, ಅದರಲ್ಲಿ ಸಾರಜನಕವೂ ಕಡಿಮೆ. ತಾನು ತಯಾರಿಸಿದ ಅಲ್ಪ ಸಕ್ಕರೆಯ ದೊಡ್ಡ ಪಾಲನ್ನು ಅದು ತನ್ನ ಉಸಿರಾಟಕ್ಕೇ ವೆಚ್ಚ ಮಾಡುತ್ತದೆ. ಮೇಲಾಗಿ ಗೋಡಂಬಿಯ ಹೂಗೊಂಚಲು ಮೂಡುವುದು ಬಿಸಿಲು ಬೀಳುವ ಹೊರಚಿಗುರಿನ ತುದಿಯಲ್ಲಿ. ಅಕ್ಕಪಕ್ಕದ ಮರಗಳ ರೆಂಬೆಗಳು ಹೆಣೆದುಕೊಂಡ ತೋಟ ಹಸಿರಾಗಿ ಕಂಡರೂ ಅಲ್ಲಿ ಕಾಯಿ ನೆತ್ತಿಯಲ್ಲಿ ಮಾತ್ರ ಸಿಗುತ್ತದೆ.

ಕೊಯ್ಲು ಮುಗಿದು ಮಳೆ ನೆಲೆಗೊಂಡ ಮೇಲೆ, ಆಗಸ್ಟ್ ದಾಟುವ ಮೊದಲು, ಒಣಗಿದ, ಒಂದಕ್ಕೊಂದು ತಾಗುವ ಹಾಗೂ ನಡುವೆ ನೆಟ್ಟಗೆ ಏರಿದ ರೆಂಬೆಗಳನ್ನು ತೆಗೆದು, ಮಧ್ಯಾಹ್ನ ಬುಡದ ಸುತ್ತ ಬಿಸಿಲಿನ ಚುಕ್ಕೆಗಳು ಕಾಣುವಷ್ಟು ಬೆಳಕು ಬಿಡಬೇಕು. ತಡಮಾಡಿದರೆ ಚಿಗುರು ಬಲಿಯುವ ಮೊದಲೇ ಹೂವಿನ ಕಾಲ ಬಂದುಬಿಡುತ್ತದೆ. ಗಾಯಗಳಿಗೆ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣ ಕಲಸಿದ ಶಿಲೀಂಧ್ರನಾಶಕ) ಬಳಿಯಬೇಕು. ಹೊಸ ಚಿಗುರಿಗೆ ಟೀ ಸೊಳ್ಳೆ (ರಸ ಹೀರುವ ತಿಗಣೆ ಜಾತಿಯ ಕೀಟ) ಬರುವುದರಿಂದ ಅದರ ಮೇಲೆ ಕಣ್ಣಿಡಬೇಕು. ಒಂದೇ ಸಲಕ್ಕೆ ಮರವನ್ನು ಬೋಳಿಸುವುದು ನನ್ನ ಮಟ್ಟಿಗೆ ಒಪ್ಪತಕ್ಕದ್ದಲ್ಲ: ನಮ್ಮ ಭಾಗದ 40 ಡಿಗ್ರಿ ಮೀರುವ ಬೇಸಿಗೆಯಲ್ಲಿ ಬಯಲಾದ ತೊಗಟೆ ಸುಟ್ಟು ಸೀಳುತ್ತದೆ. ದಟ್ಟವಾಗಿ ಬೆಳೆದ ಹಳೆಯ ಮರವನ್ನು ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ತೆರೆದು, ಬಯಲಾದ ಕಾಂಡಕ್ಕೆ ಸುಣ್ಣ ಬಳಿಯುವುದು ಲೇಸು.

ಎಳೆಯ ಸಸಿಗಳ ಮಗ್ಗುಲಿಗೇ ತೊಗರಿ ಬಿತ್ತಿದರೆ ಅದೇ ಎತ್ತರವಾಗಿ ನೆರಳು ಮಾಡುತ್ತದೆ. ಸಾಲಿನ ಹತ್ತಿರ ಹೆಸರು ಅಥವಾ ಉದ್ದು, ನಡುವಿನ ಜಾಗದಲ್ಲಿ ತೊಗರಿ ಎಂಬ ಕ್ರಮ ಉತ್ತಮ.

ಕೈಯಿಂದ ಕಾಯಿ ಕಿತ್ತು ಹೊರೆ ಇಳಿಸುವ ಅಗತ್ಯವಿಲ್ಲ, ಕಟ್ಟಿದ ಎಳೆಗಾಯಿಗಳಲ್ಲಿ ಬಹುಪಾಲನ್ನು ಮರ ತಾನೇ ಉದುರಿಸುತ್ತದೆ. ಉಳಿದವು ತುಂಬಬೇಕಾದರೆ ಗಾಳಿ ಒಳಸೇರುವ ಎಲೆಯ ಸೂಕ್ಷ್ಮ ರಂಧ್ರಗಳು ತೆರೆದಿರಬೇಕು. ನೀರು ಸಾಲದಾದಾಗ ಅವು ಮುಚ್ಚಿ, ಬಿಸಿಲಿದ್ದರೂ ಸಕ್ಕರೆ ತಯಾರಾಗುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ 15 ದಿನಕ್ಕೊಮ್ಮೆ ಮರವೊಂದಕ್ಕೆ 200 ಲೀಟರ್ ನೀರು ಕೊಟ್ಟು, ಸವರಿದ ಸೊಪ್ಪನ್ನೇ ಬುಡಕ್ಕೆ ಹೊದಿಸಬೇಕು.