ಅಮ್ಮನ ಅಮ್ಮನ ಅಮ್ಮ: ಕರುಳಬಳ್ಳಿಯ ಜಾಡು ಹಿಡಿಯುವ ಬಗೆ

ತಾಯಿಯ ಕಡೆಯ ಮೂಲ ಹುಡುಕಲು ಹೊರಟವರು ಮೊದಲು ಡಿಎನ್‌ಎ ಕಿಟ್ ತರಿಸಿಕೊಳ್ಳುತ್ತಾರೆ, ಹೆಸರು ಕೇಳುವುದು ಆಮೇಲೆ. ಇದು ತಿರುಗುಮುರುಗು. ಕಿಟ್ ಮುಂದಿನ ವರ್ಷವೂ ಸಿಗುತ್ತದೆ. ಎಂಬತ್ತೈದರ ಅಜ್ಜಿಯ ನೆನಪು ಮುಂದಿನ ವರ್ಷವೂ ಹೀಗೇ ಇರುತ್ತದೆ ಎನ್ನುವಂತಿಲ್ಲ. ಆದ್ದರಿಂದ ಮೊದಲು ಹೆಸರು, ಆಮೇಲೆ ಎಂಜಲು.

ಹುಡುಕುತ್ತಿರುವುದು ಏನನ್ನು ಎಂಬುದು ಸ್ಪಷ್ಟವಿರಲಿ. ಜೀವಕೋಶದ ನ್ಯೂಕ್ಲಿಯಸ್ಸಿನ ಹೊರಗೆ, ಮೈಟೊಕಾಂಡ್ರಿಯ ಎಂಬ ಪುಟ್ಟ ಅಂಗದೊಳಗೆ, ಉಂಗುರದ ಆಕಾರದ ಒಂದು ಡಿಎನ್‌ಎ ಇದೆ. ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದಾದ 16,569 ಅಕ್ಷರಗಳ ಸಾಲು, 37 ಜೀನ್. ಇದು ಅಮ್ಮನಿಂದ ಮಾತ್ರ ಬರುತ್ತದೆ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರಿಂದ ಮುಂದಕ್ಕೆ ಹೋಗುವುದಿಲ್ಲ. ಎಲ್ಲೋ ಸಾವಿರಾರು ವರ್ಷಕ್ಕೊಮ್ಮೆ ಒಂದು ಅಕ್ಷರ ಬದಲಾಗುತ್ತದೆ, ಆ ಬದಲಾವಣೆ ಮುಂದಿನ ಹೆಣ್ಣುಮಕ್ಕಳ ಸಾಲಿಗೆ ಗುರುತಾಗಿ ಉಳಿಯುತ್ತದೆ. ಒಂದೇ ಗುರುತುಗಳಿರುವ ಕವಲಿಗೆ ಹ್ಯಾಪ್ಲೋಗ್ರೂಪ್ ಎನ್ನುತ್ತಾರೆ.

ಮನೆಯಲ್ಲಿ ಯಾರು ಯಾರಿಗೆ ಈ ಬಳ್ಳಿ ಒಂದೇ? ನೀವು, ನಿಮ್ಮ ಒಡಹುಟ್ಟಿದವರು, ಅಮ್ಮ, ಅಮ್ಮನ ಒಡಹುಟ್ಟಿದ ದೊಡ್ಡಮ್ಮ, ಚಿಕ್ಕಮ್ಮ, ಅವರ ಮಕ್ಕಳು. ಸೋದರಮಾವನಿಗೂ ಅದೇ, ಆದರೆ ಅವನ ಮಕ್ಕಳಿಗೆ ಅಲ್ಲ, ಅವರಿಗೆ ಅತ್ತೆಯ ಬಳ್ಳಿ. ಅಪ್ಪನ ಅಮ್ಮನ ಮೂಲ ಬೇಕಿದ್ದರೆ ನಿಮ್ಮ ಎಂಜಲು ಉಪಯೋಗಕ್ಕೆ ಬಾರದು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಅಥವಾ ಸೋದರತ್ತೆ ಕೊಡಬೇಕು. ಅವರಾರೂ ಇಲ್ಲವಾದರೆ ಸೋದರತ್ತೆಯ ಮಕ್ಕಳು. ಚಿಕ್ಕಪ್ಪನ ಮಕ್ಕಳಿಂದ ಮಾಡಿಸಿ ಹಣ ಕಳೆದುಕೊಳ್ಳಬೇಡಿ. ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರದೂ ಒಂದೇ ತಾಯಿಬಳ್ಳಿ. ಅಲ್ಲಿ ಅಪ್ಪನದನ್ನೂ ಅಮ್ಮನದನ್ನೂ ಬೇರೆ ಬೇರೆ ಪರೀಕ್ಷಿಸಿದರೆ ಎರಡೂ ಒಂದೇ ಬರುತ್ತದೆ. ಅದು ಲ್ಯಾಬಿನ ತಪ್ಪಲ್ಲ.

ಹೆಸರಿನ ಸರಪಳಿ

ಉದ್ದಕ್ಕೆ ಗೆರೆ ಹಾಕಿದ ಒಂದು ನೋಟ್‌ಬುಕ್ ಸಾಕು. ಒಬ್ಬ ಹೆಂಗಸಿಗೆ ಒಂದು ಪುಟ. ಹುಟ್ಟಿದ ಹೆಸರು, ಗಂಡನ ಮನೆಯಲ್ಲಿ ಇಟ್ಟ ಹೆಸರು, ತವರೂರು, ತವರಿನ ಮನೆತನ, ಒಡಹುಟ್ಟಿದ ಹೆಣ್ಣುಮಕ್ಕಳು ಮತ್ತು ಅವರನ್ನು ಕೊಟ್ಟ ಊರು, ಇಷ್ಟನ್ನು ಹೇಳಿದವರು ಯಾರು, ಯಾವ ತಾರೀಖು. ಎರಡು ಹೆಸರಿನ ಸಾಲು ಬಿಡಲೇಬೇಡಿ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲೂ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುವ ಪದ್ಧತಿ ಇದೆ. ತವರಿನ ಕಾಗದದಲ್ಲಿ ಸುಭದ್ರೆ, ಮುಂಬೈಯ ರೇಷನ್ ಕಾರ್ಡಿನಲ್ಲಿ ಲಕ್ಷ್ಮೀಬಾಯಿ. ಇಬ್ಬರೂ ಒಬ್ಬರೇ ಎಂದು ಗೊತ್ತಿಲ್ಲದೆ ಸರಪಳಿ ಅಲ್ಲೇ ತುಂಡಾಗುತ್ತದೆ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. "ನಿಮ್ಮ ಅಜ್ಜಿಯ ಹೆಸರೇನು" ಎಂದರೆ ಅಪ್ಪನ ಅಮ್ಮನ ಹೆಸರೂ ಬರಬಹುದು, ನಮ್ಮಲ್ಲಿ ಇಬ್ಬರೂ ಅಜ್ಜಿಯರೇ. "ಅಜ್ಜೀ, ನಿಮ್ಮವ್ವನ ತವರಮನಿ ಯಾವೂರು? ಅವ್ರನ್ನ ಹಡೆದಾಕೆ ಯಾರು?" ಎಂದು ಕೇಳಿ. ಹೆಸರು ಮರೆತವರಿಗೂ ತವರೂರು ನೆನಪಿರುತ್ತದೆ. ಬಾಣಂತನ, ತೊಟ್ಟಿಲು, ಸೋದರಮಾವ ಯಾವ ಊರಿನಿಂದ ಉಡಿ ತುಂಬಲು ಬರುತ್ತಿದ್ದ ಎಂಬ ದಾರಿಯಿಂದ ಹೋದರೆ ಹೆಸರೂ ಹೊರಬರುತ್ತದೆ. "ಹಡೆದಾಕೆ" ಎಂದೇ ಕೇಳುವುದಕ್ಕೆ ಇನ್ನೊಂದು ಕಾರಣವಿದೆ. ಹೆರಿಗೆಯಲ್ಲಿ ತಾಯಿ ತೀರಿಕೊಂಡು, ಮಲತಾಯಿ ಸಾಕಿ, ಮಕ್ಕಳು ಆಕೆಯನ್ನೇ ಅವ್ವ ಎಂದು ಕರೆದ ಮನೆಗಳು ಹಿಂದೆ ಬಹಳ. ಸತ್ತವಳ ತಂಗಿಯನ್ನೇ ತಂದಿದ್ದರೆ ತಾಯಿಬಳ್ಳಿ ಬದಲಾಗದು. ಹೊರಗಿನಿಂದ ತಂದಿದ್ದರೆ ನೀವು ಬರೆದುಕೊಂಡ ಹೆಸರೇ ಬೇರೆ ಬಳ್ಳಿಯದು. ಇದನ್ನು ಮೃದುವಾಗಿ ಕೇಳಿ, ಉತ್ತರ ಬರದಿದ್ದರೆ ಒತ್ತಾಯ ಬೇಡ.

ಶ್ರಾದ್ಧ, ತರ್ಪಣದ ಹೆಸರುಗಳನ್ನು ನಂಬಿ ಎಡವಿದವರು ಬಹಳ. ಅಲ್ಲಿ ಬರುವ ಮಾತಾಮಹಿ ಅಮ್ಮನ ಅಮ್ಮ, ಅಷ್ಟು ಸರಿ. ಅದರ ಮುಂದಿನ ಹೆಸರು ಅಮ್ಮನ ಅಪ್ಪನ ತಾಯಿಯದು, ಅಜ್ಜಿಯ ತಾಯಿಯದಲ್ಲ. ತೀರ್ಥಕ್ಷೇತ್ರದ ಪಂಡರ, ಅಂದರೆ ಅಲ್ಲಿನ ಪುರೋಹಿತರ, ಹೊತ್ತಗೆಗಳೂ ಅಪ್ಪನ ವಂಶವನ್ನೇ ಹಿಡಿದು ಹೋಗುತ್ತವೆ. ಗೋತ್ರ ಅಪ್ಪನಿಂದ ಬರುವಂಥದ್ದು, ಇಲ್ಲಿ ಅದರಿಂದ ಏನೂ ತಿಳಿಯದು.

ಮುಂಬೈಯ ತುಳುನಾಡಿನ ಮನೆಗಳಿಗೆ ಮಾತ್ರ ಒಂದು ಅನುಕೂಲವಿದೆ. ಅಳಿಯಕಟ್ಟಿನಲ್ಲಿ "ಬಳಿ" ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮೈಟೊಕಾಂಡ್ರಿಯ ಹೋಗುವ ದಾರಿಯಲ್ಲೇ. ಬಳಿಯ ಹೆಸರನ್ನೂ ಕುಟುಂಬದ ಮೂಲಮನೆಯನ್ನೂ ಬರೆದಿಡಿ. ಆದರೆ ಒಂದೇ ಬಳಿಯವರೆಲ್ಲರದೂ ಒಂದೇ ಹ್ಯಾಪ್ಲೋಗ್ರೂಪ್ ಎಂದು ಮೊದಲೇ ನಿರ್ಧರಿಸಬೇಡಿ. ಹೆಣ್ಣುಸಂತಾನ ನಿಂತುಹೋಗುವಾಗ ಹೆಣ್ಣುಮಗುವನ್ನು ದತ್ತು ತೆಗೆದುಕೊಂಡ ಕುಟುಂಬಗಳಿವೆ, ಅಲ್ಲಿ ಬಳಿ ಮುಂದುವರಿದರೂ ಡಿಎನ್‌ಎ ಹೊಸದು.

ದಾಖಲೆ ಹುಡುಕುವಾಗ ಮೊದಲ ಹೆರಿಗೆ ತವರಿನಲ್ಲಿ ಎಂಬುದನ್ನು ಮರೆಯಬೇಡಿ. ದಾದರಿನಲ್ಲೋ ಪುಣೆಯ ಪೇಟೆಯಲ್ಲೋ ಬದುಕಿದವರ ಮೊದಲ ಮಗುವಿನ ಜನನ ನೋಂದಣಿ ಬೆಳಗಾವಿ, ವಿಜಯಪುರ, ಉಡುಪಿಯ ಕಡೆ ಸಿಗಬಹುದು. ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಗೋವಾದ ಇಗರ್ಜಿಗಳ ಜ್ಞಾನಸ್ನಾನದ ಪುಸ್ತಕ ದೊಡ್ಡ ಆಸರೆ, ಅದರಲ್ಲಿ ತಾಯಿಯ ಹೆಸರು ದಾಖಲಾಗಿರುತ್ತದೆ.

ಎಂಜಲು, ಲ್ಯಾಬ್, ಫೈಲ್

ಪರೀಕ್ಷೆಗಳಲ್ಲಿ ಮೂರು ಬಗೆ. ಚಿಪ್ ಪರೀಕ್ಷೆ ಆಯ್ದ ಕೆಲವು ಸ್ಥಾನಗಳನ್ನಷ್ಟೇ ನೋಡುತ್ತದೆ. ಎಚ್‌ವಿಆರ್ ಪರೀಕ್ಷೆ ಬೇಗ ಬದಲಾಗುವ ತುಣುಕನ್ನಷ್ಟೇ ಓದುತ್ತದೆ. ಪೂರ್ಣ ಸೀಕ್ವೆನ್ಸ್ 16,569 ಅಕ್ಷರವನ್ನೂ ಓದುತ್ತದೆ. ಭಾರತದ ಕವಲುಗಳಿಗೆ ಪೂರ್ಣ ಸೀಕ್ವೆನ್ಸೇ ಬೇಕು. ಚಿಪ್ ವರದಿಯಲ್ಲಿ ಭಾರತದಲ್ಲಿ ಅತಿ ಸಾಮಾನ್ಯವಾದ ಹ್ಯಾಪ್ಲೋಗ್ರೂಪಿನ ಹೆಸರು, ಬರೀ "ಎಂ" ಎಂದೋ ಎಂ ಪಕ್ಕ ನಕ್ಷತ್ರ ಚಿಹ್ನೆಯೋ ಬಂದರೆ ಅಪರೂಪದ ವಂಶ ಎಂದು ಹಿಗ್ಗಬೇಡಿ. ನಿಮ್ಮ ಕವಲನ್ನು ಗುರುತಿಸುವ ಸ್ಥಾನ ಆ ಚಿಪ್ಪಿನಲ್ಲಿಲ್ಲ, ಅಷ್ಟೇ. ಹಣ ಕಟ್ಟುವ ಮುಂಚೆ ಲ್ಯಾಬನ್ನು ಬರಹದಲ್ಲಿ ಎರಡು ವಿಷಯ ಕೇಳಿ: ಭಾರತದಿಂದ ಮಾದರಿ ಸ್ವೀಕರಿಸುತ್ತೀರಾ, ಫಾಸ್ಟಾ ಅಥವಾ ವಿಸಿಎಫ್ ಕಚ್ಚಾ ಫೈಲ್ ಕೊಡುತ್ತೀರಾ. ಫೈಲ್ ಕೊಡದ ಲ್ಯಾಬ್ ಬೇಡ.

ಎಂಜಲು ಕೊಡುವ ಮೊದಲು ಅರ್ಧ ಗಂಟೆ ಊಟ, ಚಹಾ, ನೀರು, ತಂಬಾಕು, ಹಲ್ಲುಜ್ಜುವುದು ಯಾವುದೂ ಬೇಡ. ಎಲೆಅಡಿಕೆ ಹಾಕುವ ಅಜ್ಜಿಯಾದರೆ ಬೆಳಿಗ್ಗೆ ಮೊದಲ ಎಲೆಗೂ ಮುಂಚೆ ತೆಗೆದುಕೊಳ್ಳುವುದು ವಾಸಿ. ನೊರೆ ಲೆಕ್ಕಕ್ಕಿಲ್ಲ, ದ್ರವ ಗೆರೆ ಮುಟ್ಟಬೇಕು. ವಯಸ್ಸಾದವರಿಗೆ ಬಾಯಿ ಒಣಗುತ್ತದೆ. ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ತಿಕ್ಕಿದರೆ ಎಂಜಲು ಬರುತ್ತದೆ. ಮುಚ್ಚಳದಲ್ಲಿರುವ ದ್ರಾವಣ ಪೂರ್ತಿ ಕೆಳಗಿಳಿದ ಮೇಲೆ ಟ್ಯೂಬನ್ನು ಚೆನ್ನಾಗಿ ಕಲಕಿ. ಆ ದ್ರಾವಣ ಬೆರೆಯದಿದ್ದರೆ ಬ್ಯಾಕ್ಟೀರಿಯ ಬೆಳೆದು ಮಾದರಿ ಹಾಳಾಗುತ್ತದೆ. ದ್ರಾವಣವಿಲ್ಲದ ಒಣ ಸ್ವಾಬ್ (ಕೆನ್ನೆಯೊಳಗೆ ಉಜ್ಜುವ ಕಡ್ಡಿ) ಆದರೆ ಮುಂಬೈ, ಗೋವಾದ ಮಳೆಗಾಲ ಅದರ ಶತ್ರು. ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ಕಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ತೀರಿಹೋದ ಅಜ್ಜಿಯ ಬಾಚಣಿಗೆಯ ಕೂದಲು ಕಳಿಸಬೇಕೆಂಬ ಆಸೆ ಸಹಜ, ಆದರೆ ಅಗತ್ಯವಿಲ್ಲ. ಆಕೆಯ ಮಗಳ ಬಾಯಲ್ಲಿ ಅದೇ ಡಿಎನ್‌ಎ ಇದೆ.

ಸರಪಳಿ ನಿಜವೇ ಎಂದು ತಿಳಿಯಲು ಒಬ್ಬರ ಪರೀಕ್ಷೆ ಸಾಲದು. ನಿಮ್ಮದು ಒಂದು, ಅಜ್ಜಿಯ ತಂಗಿಯ ಮಗಳ ಮಗನದೋ ಮಗಳದೋ ಇನ್ನೊಂದು. ಎರಡೂ ಹೊಂದಿದರೆ, ಅಥವಾ ಒಂದೇ ಒಂದು ಅಕ್ಷರ ಬೇರೆಯಿದ್ದರೆ, ಮುತ್ತಜ್ಜಿಯವರೆಗಿನ ಹೆಸರುಗಳಿಗೆ ಗಟ್ಟಿ ಆಧಾರ ಸಿಕ್ಕಂತೆ. ಹ್ಯಾಪ್ಲೋಗ್ರೂಪೇ ಬೇರೆ ಬಂದರೆ ಎಲ್ಲೋ ದತ್ತು, ಮಲತಾಯಿ ಅಥವಾ ಅದಲುಬದಲಾದ ಟ್ಯೂಬ್. ಮೊದಲು ಟ್ಯೂಬನ್ನೇ ಅನುಮಾನಿಸಿ.

ವರದಿ ಓದುವುದು

ವರದಿಯಲ್ಲಿ ಇರುವುದು ಕೇಂಬ್ರಿಡ್ಜ್ ರೆಫರೆನ್ಸ್ ಎಂಬ ಮಾದರಿಗಿಂತ ನೀವು ಎಲ್ಲೆಲ್ಲಿ ಬೇರೆ ಎಂಬ ಪಟ್ಟಿ. ಈ ಮಾದರಿ 1981ರಲ್ಲಿ ಪ್ರಕಟವಾಗಿ 1999ರಲ್ಲಿ ತಿದ್ದುಪಡಿಯಾದದ್ದು. ಅದು ಯುರೋಪಿನ ಒಬ್ಬರ ಎಚ್2 ಕವಲಿನದು, ಮನುಕುಲದ ಮೂಲವಲ್ಲ. ಹಾಗಾಗಿ 263, 750, 1438, 4769, 8860, 15326 ಈ ಸ್ಥಾನಗಳು ಹೆಚ್ಚುಕಡಿಮೆ ಎಲ್ಲರ ಪಟ್ಟಿಯಲ್ಲೂ ಇರುತ್ತವೆ, ದಾಟಿ ಹೋಗಿ. 16519, 309 ಮತ್ತು 315ರ ಬಳಿ ಸೇರುವ ಸಿ ಅಕ್ಷರಗಳು, 152, 16311 ಇವು ಪದೇ ಪದೇ ಬದಲಾಗುವ ಸ್ಥಾನಗಳು, ಇವುಗಳ ಮೇಲೆ ಮನೆ ಕಟ್ಟಬೇಡಿ.

ಈಗ 10400 ನೋಡಿ. ಅಲ್ಲಿ ಟಿ ಇದ್ದು, ಜೊತೆಗೆ 489ರಲ್ಲಿ ಸಿ, 14783ರಲ್ಲಿ ಸಿ, 15043ರಲ್ಲಿ ಎ ಇದ್ದರೆ ನಿಮ್ಮದು ಎಂ. ಇವಿಲ್ಲದೆ, 12705 ಮತ್ತು 16223 ಕೂಡ ಪಟ್ಟಿಯಲ್ಲಿ ಇಲ್ಲವಾದರೆ ಆರ್ ಕೊಂಬೆ. ಅದರಲ್ಲಿ 11467, 12308, 12372 ಮೂರೂ ಇದ್ದರೆ ಯು. 10400 ಇಲ್ಲದೆ 12705, 16223 ಎರಡೂ ಟಿ ಆಗಿದ್ದರೆ ಎನ್ ಇರಬಹುದು, ಜೊತೆಗೆ 10873ರಲ್ಲಿ ಸಿ ಇದ್ದರೆ ಆಫ್ರಿಕಾದ ಎಲ್ ಇರಬಹುದು. ಕೈಯಲ್ಲಿ ಹೀಗೆ ಒಮ್ಮೆ ನೋಡಿಕೊಂಡು, ಆಮೇಲೆ ಫೈಲನ್ನು ಹ್ಯಾಪ್ಲೋಗ್ರೆಪ್ ತಂತ್ರಾಂಶಕ್ಕೆ ಹಾಕಿ. ಅದು ಕೊಡುವ ಅಂಕ 0.9ಕ್ಕಿಂತ ಮೇಲಿದ್ದರೆ ಒಳ್ಳೆಯದು. ಕಡಿಮೆ ಬಂದರೆ ಮೊದಲು ಫೈಲಿನ ಉದ್ದ ನೋಡಿ. 16,571 ಎಂದಿದ್ದರೆ ಅದು ಹಳೆಯ ಬೇರೆ ಮಾದರಿಗೆ ಹೋಲಿಸಿದ್ದು, ಸ್ಥಾನಗಳೆಲ್ಲ ಒಂದೆರಡು ಸರಿದಿರುತ್ತವೆ.

ಮೂಲ ಮತ್ತು ಹರಡುವಿಕೆ

ಎಂ ಮತ್ತು ಎನ್ ಎರಡೂ ಆಫ್ರಿಕಾದ ಎಲ್3ರ ಹೆಣ್ಣುಮಕ್ಕಳು. ಆರ್ ಹುಟ್ಟಿದ್ದು ಎನ್‌ನಿಂದ. ಆಫ್ರಿಕಾದಿಂದ ಆಚೆಯ ಎಲ್ಲ ಹಳೆಯ ತಾಯಿಬಳ್ಳಿಗಳೂ ಈ ಎರಡು ಕೊಂಬೆಗಳಲ್ಲೇ ಇವೆ. ಭಾರತದಲ್ಲಿ ಸುಮಾರು ಶೇ. 60ರಷ್ಟು ಜನರದು ಎಂ. ಎಂ2, ಎಂ3, ಎಂ5, ಎಂ30, ಆರ್5, ಆರ್30, ಯು2ರ ಎ, ಬಿ, ಸಿ ಕವಲುಗಳು ಈ ಉಪಖಂಡದಲ್ಲೇ ಹತ್ತಾರು ಸಾವಿರ ವರ್ಷಗಳಿಂದ ಬೇರುಬಿಟ್ಟವು. ಯು7 ಇರಾನ್, ಗುಜರಾತಿನ ಕಡೆ ಹೆಚ್ಚು. ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂಧೆ ಅವರ ತಂಡ ಹರಿಯಾಣದ ರಾಖಿಗಢಿಯಲ್ಲಿ ಅಗೆದ ಸಿಂಧೂ ನಾಗರಿಕತೆಯ ಹೆಂಗಸಿನ ಡಿಎನ್‌ಎ 2019ರಲ್ಲಿ ಪ್ರಕಟವಾಯಿತು. ಆಕೆಯ ತಾಯಿಬಳ್ಳಿ ಯು2ಬಿ2, ಇಂದಿಗೂ ನಮ್ಮ ನಡುವೆ ಇರುವ ಕವಲು.

ನಮ್ಮ ಈ ಕರಾವಳಿ ಬಂದವರನ್ನು ಹೇಗೆ ಒಳಗೊಂಡಿತು ಎಂಬುದು ತಾಯಿಬಳ್ಳಿಯಲ್ಲಿ ಚೆನ್ನಾಗಿ ಕಾಣುತ್ತದೆ. ಪಾರ್ಸಿಗಳ ಅಪ್ಪನ ಕಡೆಯ ವೈ ಕ್ರೋಮೋಸೋಮ್ ಬಹುಪಾಲು ಇರಾನಿನತ್ತ ಬೆರಳು ತೋರಿದರೆ, ಅಮ್ಮನ ಕಡೆ ಭಾರತೀಯ ಕವಲುಗಳ ಪಾಲು ದೊಡ್ಡದು. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳಲ್ಲಿ ಎಂ39ರ ಒಂದು ಕವಲು ಬಹಳವಾಗಿ ಕಾಣುತ್ತದೆ. ಗೋವಾದ ಪೋರ್ಚುಗೀಸರು ಗುಲಾಮರಾಗಿ ತಂದವರ ವಂಶಜರೂ ಸೇರಿರುವ ಉತ್ತರ ಕನ್ನಡದ ಸಿದ್ದಿಗಳಲ್ಲಿ ಆಫ್ರಿಕಾದ ಎಲ್ ಕವಲುಗಳು ಇಂದಿಗೂ ಇವೆ.

ಆದರೆ ಇದನ್ನು ಎಷ್ಟು ಎಳೆಯಬಹುದು? ಇಡೀ ಉಂಗುರದಲ್ಲಿ ಸರಾಸರಿ 3,600 ವರ್ಷಕ್ಕೊಂದು ಬದಲಾವಣೆ. ಯಾರದೋ ಸೀಕ್ವೆನ್ಸ್ ನಿಮ್ಮದರ ಜೊತೆ ಅಕ್ಷರಶಃ ಹೊಂದಿದರೂ ಸಮಾನ ತಾಯಿ ನೂರು ವರ್ಷದ ಹಿಂದಿನವಳೂ ಇರಬಹುದು, ಸಾವಿರಾರು ವರ್ಷದ ಹಿಂದಿನವಳೂ ಇರಬಹುದು. ನೋಟ್‌ಬುಕ್ಕಿನ ಹೆಸರುಗಳು ಹೆಚ್ಚೆಂದರೆ 150 ವರ್ಷ ಹಿಂದಕ್ಕೆ ಮುಟ್ಟುತ್ತವೆ. ನಡುವಿನ ಖಾಲಿಯನ್ನು ಊಹೆಯಿಂದ ತುಂಬಬೇಡಿ. ಹತ್ತು ತಲೆಮಾರಿನ ಹಿಂದೆ ನಿಮಗೆ 1,024 ಪೂರ್ವಜರ ಸ್ಥಾನಗಳಿವೆ, ಈ ಬಳ್ಳಿ ಅದರಲ್ಲಿ ಒಬ್ಬಾಕೆಯದು ಮಾತ್ರ. ಹ್ಯಾಪ್ಲೋಗ್ರೂಪಿನಲ್ಲಿ ಜಾತಿಯೂ ಇಲ್ಲ, ಭಾಷೆಯೂ ಇಲ್ಲ. ಎಂ30 ಬಂದವರು ಕನ್ನಡವನ್ನೇ ಆಡುತ್ತಿದ್ದರೆಂದು ಬರೆಯುವುದು ತಪ್ಪು.

ಪೂರ್ಣ ಫೈಲನ್ನು ಎಲ್ಲೆಂದರಲ್ಲಿ ಹಂಚಬೇಡಿ. 11778ರ ಬದಲಾವಣೆ ಕಣ್ಣಿನ ನರದ ಕಾಯಿಲೆಗೆ, 3243ರದು ಮಧುಮೇಹ, ಕಿವುಡು, ಮೆದುಳಿನ ತೊಂದರೆಗಳಿಗೆ ಸಂಬಂಧಿಸಿದ್ದು. 1555ರಲ್ಲಿ ಜಿ ಇದ್ದವರಿಗೆ ಜೆಂಟಾಮೈಸಿನ್ ಬಗೆಯ ಔಷಧಿಯಿಂದ ಕಿವಿ ಹೋಗಬಹುದು. ಇವುಗಳಲ್ಲಿ ಯಾವುದಾದರೂ ಕಂಡರೆ ಜೆನೆಟಿಕ್ಸ್ ವೈದ್ಯರಿಗೆ ತೋರಿಸಿ. ನಿಮ್ಮಲ್ಲಿ ಕಂಡದ್ದು ದೊಡ್ಡಮ್ಮ, ಚಿಕ್ಕಮ್ಮಂದಿರಲ್ಲೂ ಅವರ ಮಕ್ಕಳಲ್ಲೂ ಇರಬಹುದಾದ್ದರಿಂದ, ಎಂಜಲು ಕೊಡುವ ಮೊದಲೇ ಅವರಿಗೆ ವಿಷಯ ತಿಳಿಸಿ, ಗೊತ್ತಾದರೆ ಹೇಳಬೇಕೋ ಬೇಡವೋ ಎಂದು ಕೇಳಿ, ಉತ್ತರವನ್ನು ಅವರವರ ಪುಟದಲ್ಲೇ ಬರೆದಿಡಿ.