ವೈಫೈ ಕನೆಕ್ಟ್ ಆಗಿದೆ, ನೆಟ್ ಮಾತ್ರ ಬರ್ತಿಲ್ಲ ಅನ್ನೋರಿಗೆ

ತೀರ್ಥಹಳ್ಳಿ, ಹೊಸನಗರ ಕಡೆಯವರು ಮಳೆಗಾಲದಲ್ಲಿ ಫೋನ್ ಸೆಟ್ಟಿಂಗ್ಸ್ ಕೆದಕುವ ಮೊದಲು ರೂಟರ್ ದೀಪ ನೋಡಿ. ಫೈಬರ್ ಸಂಪರ್ಕವಿದ್ದು ಎಲ್‌ಒಎಸ್ (LOS, ಸಿಗ್ನಲ್ ಕಡಿದದ್ದನ್ನು ತಿಳಿಸುವ) ದೀಪ ಕೆಂಪಗೆ ಮಿನುಗುತ್ತಿದ್ದರೆ ಲೈನಿನಲ್ಲೇ ಸಿಗ್ನಲ್ ಇಲ್ಲ. ಕೊಂಬೆ ಬಿದ್ದು ಕೇಬಲ್ ತುಂಡಾಗಿರಬಹುದು, ಇಲ್ಲವೇ ಮನೆಯೊಳಗಿನ ತೆಳು ವೈರ್ ಬಾಗಿಲ ಸಂದಿಯಲ್ಲಿ ಮಡಚಿಕೊಂಡಿರಬಹುದು. ಆಗ ಫೋನ್ ರೀಸೆಟ್ ಮಾಡಿ ಪ್ರಯೋಜನವಿಲ್ಲ, ಕೇಬಲ್‌ನವರಿಗೇ ಹೇಳಬೇಕು.

ಮನೆಯ ಬೇರೆ ಫೋನಿಗೆ ನೆಟ್ ಬರುತ್ತಿದೆಯಾ? ಹಾಗಾದರೆ ತೊಂದರೆ ನಿಮ್ಮ ಫೋನಿನದು. ವೈಫೈ ಹೆಸರು ಒತ್ತಿ 'ಫರ್ಗೆಟ್' ಕೊಟ್ಟು, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ. ದಿನಾಂಕ, ಸಮಯ ಆಟೊಮ್ಯಾಟಿಕ್ ಇರಲಿ. ತಪ್ಪಿದ್ದರೆ ಸೈಟಿನ ಸುರಕ್ಷತಾ ಪ್ರಮಾಣಪತ್ರದ ಅವಧಿಗೆ ತಾಳೆಯಾಗದೆ ಸೈಟುಗಳು ತೆರೆಯುವುದಿಲ್ಲ. ವಿಪಿಎನ್ (ನೆಟ್ ಅನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ಆ್ಯಪ್) ಇದ್ದರೆ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್' (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸರ್ವರ್ ಯಾವುದೆಂದು ಹೇಳುವ ಸೆಟ್ಟಿಂಗ್) ಕೂಡ ನೋಡಿ: ಜಾಹೀರಾತು ತಡೆಯಲು ಯಾರೋ ಅಲ್ಲಿ ಹಾಕಿಕೊಟ್ಟ ವಿಳಾಸ ಕೈಕೊಟ್ಟರೆ ಇದೇ ಲಕ್ಷಣ. ಅದನ್ನೂ ಆಟೊಮ್ಯಾಟಿಕ್‌ಗೆ ಬದಲಿಸಿ. ಏನೂ ಆಗದಿದ್ದರೆ ಕೊನೆಗೆ 'ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್'. ಫೋಟೊ ಹೋಗುವುದಿಲ್ಲ, ಉಳಿಸಿಟ್ಟ ವೈಫೈ ಪಾಸ್‌ವರ್ಡ್ ಮತ್ತು ಬ್ಲೂಟೂತ್ ಜೋಡಣೆ ಹೋಗುತ್ತವೆ.

ಜಗಲಿಯಲ್ಲಿ ಚೆನ್ನಾಗಿದ್ದು ಅಡುಗೆಮನೆಗೆ ಹೋದ ಕೂಡಲೇ ಸಿಗ್ನಲ್ ಬೀಳುವುದು ನಮ್ಮ ಹಳೇ ಮನೆಗಳ ಸಮಸ್ಯೆ. ದಪ್ಪ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆ ದಾಟುವಾಗ ವೈಫೈನ 5 ಗಿಗಾಹರ್ಟ್ಸ್ ತರಂಗ ಬೇಗ ಸೋಲುತ್ತದೆ. ವೇಗ ಕಡಿಮೆಯಾದರೂ 2.4 ಗಿಗಾಹರ್ಟ್ಸ್ ವೈಫೈಗೆ ಸೇರಿ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡಲೇಬೇಡಿ, ನಡುಮನೆಯಲ್ಲಿ ಎತ್ತರಕ್ಕಿಡಿ.

ಕರೆಂಟ್ ಬಂದ ಮೇಲೆ ರೂಟರ್ ಸಜ್ಜಾಗಲು ಎರಡು ಮೂರು ನಿಮಿಷ ಬೇಕು. ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆದಿಡಿ. ಅಡಾಪ್ಟರ್ ಸುಟ್ಟರೆ ರೂಟರ್ ಮೇಲೆ ಬರೆದಷ್ಟೇ ವೋಲ್ಟ್‌ನದು ತನ್ನಿ. ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು.